ಬೇಸ್‌ಮೆಂಟಿನಿಂದ ಬೆಡ್‌ರೂಮಿಗೆ ಒಂದು ಕೇಬಲ್

ಒಂದು ವೈರಿಗೆ ಇನ್ನೊಂದು ವೈರು ಸೇರಿಸುತ್ತಾ ಹೋದರೆ ಭೂಮಿಯ ಮೇಲೆ ಮುಟ್ಟದ ಜಾಗವೇ ಇಲ್ಲವೆಂದು ನಂಬಿ ಬೆಳೆದವನು ನಾನು. ಮೈಸೂರಿನಲ್ಲಿ ನಮ್ಮ ಚಿಕ್ಕಪ್ಪನ ಮದುವೆಯ ಚಪ್ಪರಕ್ಕೆ ಬೀದಿಯ ಕೊನೆಯ ಮನೆಯಿಂದ ಕರೆಂಟು ಬಂದಿತ್ತು. ದಾರಿಯುದ್ದಕ್ಕೂ ಗಂಟುಗಳು, ಗಂಟುಗಳ ಮೇಲೆ ಟೇಪು. ಮದುವೆ ಚೆನ್ನಾಗಿಯೇ ಆಯಿತು. ಆ ಧೈರ್ಯದ ಮೇಲೆ ಅಮೆರಿಕದ ರಾಲಿಯಲ್ಲಿರುವ ನಮ್ಮ ಮನೆಯಲ್ಲಿ ನಾನು ಒಂದೇ ಒಂದು ಕೇಬಲ್ಲನ್ನೂ ಎಸೆದವನಲ್ಲ. ಪ್ರಿಂಟರ್ ಸತ್ತರೂ ಅದರ ಕೇಬಲ್ ನನ್ನ ಡ್ರಾಯರಿನಲ್ಲಿ ಬದುಕಿರುತ್ತದೆ. ಇದನ್ನೆಲ್ಲ ಯಾವ ಕಾಲಕ್ಕೆ ಇಟ್ಟುಕೊಂಡಿದ್ದೀರಿ ಎಂದು ಹೆಂಡತಿ ವಸುಧಾ ಕೇಳುತ್ತಲೇ ಇದ್ದಳು.

ಈಗ ಆ ಕಾಲ ಬಂತು ಎಂದುಕೊಂಡೆ. ವಸುಧಾ ಪ್ರತಿ ಭಾನುವಾರ ಇಲ್ಲಿ ಹುಟ್ಟಿದ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಕಲಿಸುತ್ತಾಳೆ. ಕೋವಿಡ್ ಕಾಲದಲ್ಲಿ ಬೇಸ್‌ಮೆಂಟಿನ ಮೂಲೆಯಲ್ಲಿ ಶುರುವಾದ ಪಾಠ ಅಲ್ಲೇ ಬೇರುಬಿಟ್ಟಿತ್ತು. ಈ ವರ್ಷ ಅವಳ ಕ್ಯಾನ್ಸರ್ ಮರಳಿ ಬಂದು ಬೆನ್ನುಮೂಳೆಯನ್ನೂ ಹಿಡಿದಾಗ, ಡಾಕ್ಟರು ಮೆಟ್ಟಿಲು ಇಳಿಯಲೇಬಾರದು ಎಂದರು. ಅವಳು ಮೇಲಿನ ಬೆಡ್‌ರೂಮಿನಲ್ಲಿ, ಕಂಪ್ಯೂಟರ್ ಕೆಳಗೆ. ನೋವಿನ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಪಾಠ ತಪ್ಪಿದ ಭಾನುವಾರ ಮಾತ್ರ ಗೋಡೆಯ ಕಡೆ ತಿರುಗಿ ಮಲಗಿದಳು. ಫೋನಿನಲ್ಲೇ ಪಾಠ ಮಾಡು ಎಂದೆ. ಮಕ್ಕಳ ಮುಖ ಸಾಸಿವೆ ಕಾಳಿನಷ್ಟಾಗುತ್ತದೆ, ಯಾರ ನಾಲಿಗೆ ಎಲ್ಲಿ ತೊಡರುತ್ತಿದೆ ಎಂದು ಕಾಣುವುದಿಲ್ಲ ಎಂದಳು.

ಸರಿ, ನನ್ನ ಎಂಜಿನಿಯರಿಂಗ್ ಎದ್ದು ನಿಂತಿತು. ಬೆಡ್‌ರೂಮಿನ ಟಿವಿಗೆ ಉದ್ದದ ಕೇಬಲ್ ಎಳೆದು ಮಕ್ಕಳ ಮುಖಗಳನ್ನು ಮೇಲೆ ತರುವುದು, ಕ್ಯಾಮೆರಾಕ್ಕೆ ಡ್ರಾಯರಿನ ಕೇಬಲ್ಲುಗಳನ್ನು ಒಂದಕ್ಕೊಂದು ಸಿಕ್ಕಿಸಿ ಮೆಟ್ಟಿಲ ಕಟಕಟೆಗುಂಟ ಟೇಪು ಹಚ್ಚುವುದು. ಟಿವಿ ಮಾತು ಕೇಳಿತು. ಕ್ಯಾಮೆರಾ ಒಮ್ಮೆ ಕಣ್ಣು ಮಿಟುಕಿಸಿ ಮುಚ್ಚಿಕೊಂಡಿತು. ಕೇಬಲ್ಲುಗಳ ಸರದಿ ಬದಲಿಸಿದೆ, ಊದಿದೆ, ಬೈದೆ. ಕೊನೆಗೆ ಪಕ್ಕದ ಬೀದಿಯ ಪಾಟೀಲರನ್ನು ಕರೆದೆ. ಅವರು ಹುಬ್ಬಳ್ಳಿಯವರು, ಇಂಥದ್ದರಲ್ಲೇ ಕೂದಲು ಬೆಳ್ಳಗಾದವರು. ಟೇಪಿನ ಸಾಲನ್ನು ನೋಡಿ ನಗು ನುಂಗಿಕೊಂಡರು.

"ಕ್ಯಾಮೆರಾದ ಕೇಬಲ್ ಐದ್ ಮೀಟರ್ ದಾಟಿದ್ರ ಮುಗೀತ್ರೀ. ಇಲ್ಲಿಂದ ಕೇಳಿದ್ದಕ್ಕ ಅಲ್ಲಿಂದ ಉತ್ತರ ಬರೂದ್ರಾಗ ಕಂಪ್ಯೂಟರ್ ಕಾಯೂದ ಬಿಟ್ಟಬಿಡ್ತದ."

ನಡುವೆ ಸಿಗ್ನಲ್ಲಿಗೆ ಬಲ ತುಂಬುವ ಬೂಸ್ಟರ್ ಇರುವ ಕೇಬಲ್ ಸಿಗುತ್ತದೆ ಎಂದರು. ಆಮೇಲೆ ಮೆಲ್ಲಗೆ, ಕಂಪ್ಯೂಟರನ್ನೇ ಮೇಲೆ ತಂದರೆ ಆಗುವುದಿಲ್ಲವೇ ಎಂದೂ ಕೇಳಿದರು. ನಾನು ಚಹಾ ಮಾಡಲು ಎದ್ದುಹೋದೆ. ಅಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲ ಎಂದು ಅವರು ತಿಳಿದರೆ ತಿಳಿಯಲಿ, ದಡ್ಡ ಅನ್ನಿಸಿಕೊಳ್ಳುವುದೇ ವಾಸಿ.

ಅವರು ಹೋದ ಮೇಲೆ ವಸುಧಾಳಿಗೆ, ಬೂಸ್ಟರ್ ಕೇಬಲ್ ತರಿಸುತ್ತೇನೆ, ಮುಂದಿನ ತಿಂಗಳು ನೀನೇ ಕೆಳಗೆ ಬರುತ್ತೀಯಲ್ಲ, ಸುಮ್ಮನೆ ಅದನ್ನೆಲ್ಲ ಯಾಕೆ ಹೊತ್ತು ತರುವುದು ಎಂದೆ. ಅವಳು ನನ್ನನ್ನೇ ನೋಡಿದಳು.

"ಮೇಲೇ ತಂದ್ಬಿಡಿ ರೀ. ನಾನಿನ್ನು ಇಳಿಯಲ್ಲ. ನಿಮಗೂ ಗೊತ್ತು."

ನನಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅಷ್ಟು ಟೇಪು ಖರ್ಚಾಗಿದ್ದು. ಕಂಪ್ಯೂಟರು, ಮೇಜು, ಕುರ್ಚಿಯ ಮೇಲಿನ ಅವಳ ಶಾಲು ಎಲ್ಲವನ್ನೂ ಮೇಲೆ ತಂದೆ. ಬೇಸ್‌ಮೆಂಟಿನ ದೀಪ ಆರಿಸಿದೆ.

ಭಾನುವಾರ ಮಕ್ಕಳೆಲ್ಲ ಪರದೆಯ ಮೇಲೆ ಬಂದರು. ದಿಂಬಿಗೆ ಒರಗಿ ಕುಳಿತ ವಸುಧಾ, ಕಣ್ಣಿಗೆ ಕಾಣುವ ಯಾವುದರ ಬಗ್ಗೆಯಾದರೂ ಒಂದೊಂದು ವಾಕ್ಯ ಹೇಳಿ ಎಂದಳು. ಒಬ್ಬ ತನ್ನ ನಾಯಿ ನಿದ್ದೆ ಮಾಡುತ್ತಿದೆ ಎಂದ. ಇನ್ನೊಬ್ಬಳು ಕಿಟಕಿ ದೊಡ್ಡದು ಎಂದಳು. ನಾನು ವಸುಧಾಳ ಮಾತ್ರೆ ಹಿಡಿದುಕೊಂಡು ಬಾಗಿಲ ಬಳಿ ನಿಂತು ಅವಳ ದನಿ ಕೇಳುತ್ತಿದ್ದೆ. ಬೇಸ್‌ಮೆಂಟಿನಲ್ಲಾದರೆ ಅವಳ ಹಿಂದೆ ಗೋಡೆಯಿತ್ತು. ಇಲ್ಲಿ ಕ್ಯಾಮೆರಾಕ್ಕೆ ಬಾಗಿಲೂ ಕಾಣುತ್ತದೆ ಎಂಬುದು ಈ ಎಂಜಿನಿಯರಿಗೆ ಹೊಳೆದಿರಲಿಲ್ಲ. ಅನನ್ಯಾ ಎಂಬ ಪುಟ್ಟ ಹುಡುಗಿ ಪದ ಹುಡುಕಿ ಹುಡುಕಿ ಹೇಳಿದಳು: "ಆಂಟಿ ಹಿಂದೆ ಅಂಕಲ್ ಅಳ್ತಾ ಇದಾರೆ."

ವಸುಧಾ ಹಿಂತಿರುಗಿ ನೋಡಲಿಲ್ಲ. "ಒಳ್ಳೆ ವಾಕ್ಯ," ಎಂದಳು. "ಎಲ್ರೂ ಒಟ್ಟಿಗೆ ಹೇಳಿ."

ಎಲ್ಲರೂ ಒಟ್ಟಿಗೆ ಹೇಳಿದರು.