ಸಂಪಿಗೆ ಗಿಡಕ್ಕೆ ಬೇಲಿ

ಕಾಗದ ಹಿಡಿದು ಕೂತದ್ದೇ ತಪ್ಪು. ಒಂದು ಸಾಲು ಮುಗಿಯುವ ಮೊದಲೇ ಮಗಳು ಮತ್ತೆ ಬಂದು ನಿಂತಿದ್ದಾಳೆ. ಈ ಸಲ ಶಾಲೆಯಲ್ಲಿ ಗಿಡ ನೆಡಲು ಒಡೆದ ಮಡಕೆ ಬೇಕಂತೆ. ಮೂರ್ನಾಡಿನ ಆಚೆಗಿರುವ ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಮಕ್ಕಳಿಗೆ ಒಂದೊಂದು ಗಿಡ ಸಾಕಲು ಕೊಟ್ಟ ದಿನದಿಂದ ನಮ್ಮ ಮನೆಯಲ್ಲಿ ಇದೇ ಕತೆ. ಶಾಲೆ ತಪಾಸಣೆಗೆ ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗ ಯಾರ ಗಿಡ ಎಲ್ಲಕ್ಕಿಂತ ಚೆನ್ನಾಗಿರುತ್ತದೋ ಅವರೇ ಸಾಹೇಬರಿಗೆ ಹಾರ ಹಾಕುವುದು ಎಂದಿದ್ದರು. ಎರಡನೇ ಕ್ಲಾಸಿನ ನನ್ನ ಮಗಳಿಗೆ ಆ ಹಾರ ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ.

೧. ಗೊಬ್ಬರ

ಗೊಬ್ಬರದ ಗುಂಡಿಗೆ ಪ್ರತಿ ಮಗುವೂ ಒಂದು ಬುಟ್ಟಿ ಸಗಣಿ ತರಬೇಕು ಎಂದು ಅಪ್ಪಣೆಯಾಯಿತು. ನಮಗಿರುವುದು ಒಂದೇ ಹಸು. ಅದೇ ದಿನ ಅತ್ತೆಗೆ ಅಂಗಳ ಸಾರಿಸಲೂ ಸಗಣಿ ಬೇಕು. ಬೆಳಗ್ಗೆ ಎದ್ದವಳೇ ಮಗಳು ಬುಟ್ಟಿ ಹಿಡಿದು ಹಸುವಿನ ಹಿಂದೆ ಕೂತಳು. ಅತ್ತೆ ಇನ್ನೊಂದು ಬುಟ್ಟಿ ಹಿಡಿದು ಪಕ್ಕದಲ್ಲೇ ಕೂತರು. ಹಸು ಒಮ್ಮೆ ಇವರನ್ನು, ಒಮ್ಮೆ ಅವರನ್ನು ತಿರುಗಿ ನೋಡಿತು. ಶಾಲೆಯ ಗಂಟೆ ಹೊಡೆದರೂ ಏನೂ ಹಾಕಲಿಲ್ಲ.

"ಅಜ್ಜಿ, ಇದಕ್ಕೆ ಎಂತ ಆಯ್ತು?"

"ಹಿಂದೆ ಇಬ್ಬರು ಬುಟ್ಟಿ ಹಿಡಿದು ಕಾಯ್ತಾ ಕೂತರೆ ನಿನಗಾದರೂ ಬರ್ತದಾ ಮಗಾ?"

೨. ನೀರು

ಗಿಡ ನೆಡುವ ದಿನ ಆಕಾಶ ತೂತಾದಂಥ ಮಳೆ. ಪಂಚಾಯಿತಿ ಅಧ್ಯಕ್ಷರಿಗೆ ಒಬ್ಬರು ಕೊಡೆ ಹಿಡಿದರು. ಅಧ್ಯಕ್ಷರು ಹಿತ್ತಾಳೆ ಗಿಂಡಿಯಿಂದ ಒಂದೊಂದೇ ಗಿಡಕ್ಕೆ ನೀರು ಹಾಕುತ್ತ ಬಂದರು. ಮಗಳ ಸಂಪಿಗೆ ಗಿಡದ ಹತ್ತಿರ ಬಂದರೆ ಗಿಡವೇ ಕಾಣಿಸದು! ನಾನು ಮಳೆಗೆಂದು ಹೊದಿಸಿ ಕಳಿಸಿದ್ದ ಓಲೆಯ ಗೊರಬೆಯನ್ನು ಗಿಡಕ್ಕೆ ಮುಚ್ಚಿ, ತಾನು ತೊಯ್ದು ತೊಪ್ಪೆಯಾಗಿ ನಿಂತಿದ್ದಳು.

"ತೆಗಿಯಮ್ಮಾ, ಗಿಡಕ್ಕೆ ಮಳೆ ಬೀಳಲಿ" ಎಂದರು ಮೇಷ್ಟ್ರು.

"ಮಳೆ ಬಿದ್ದರೆ ಇವರು ಹಾಕಿದ ನೀರು ಯಾವುದಂತ ಗಿಡಕ್ಕೆ ಹೇಗೆ ಗೊತ್ತಾಗ್ತದೆ ಸಾರ್?"

೩. ಬಳ್ಳಿ

ನನ್ನ ಗಂಡ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಮರದ ಎದುರು ನಿಲ್ಲಿಸಿದರೆ ಅವರಿಗೆ ಮರ ಕಾಣುವುದಿಲ್ಲ, ಕರಿಮೆಣಸಿನ ಬಳ್ಳಿ ಹತ್ತಿಸುವ ಜಾಗ ಕಾಣುತ್ತದೆ. ಭಾನುವಾರ ಮಗಳ ಗಿಡ ನೋಡಲು ಹೋದವರು, ಮೊಣಕಾಲೆತ್ತರದ ಸಂಪಿಗೆಗೆ ಒಂದು ಬಳ್ಳಿ ಕಟ್ಟಿ ಬಂದರು.

"ಅದಿನ್ನೂ ಹಸುಗೂಸು ಮಾರಾಯರೇ!"

"ಈಗಲೇ ಹಬ್ಬಿಸಿದರೆ ಮುಂದೆ ಸುಲಭ."

"ಮಗಳು ತೊಟ್ಟಿಲಲ್ಲಿದ್ದಾಗ ನಿಮಗೆ ಈ ಬುದ್ಧಿ ಬಾರದ್ದು ಪುಣ್ಯ. ಪಕ್ಕದಲ್ಲಿ ಒಬ್ಬ ಅಳಿಯನನ್ನೂ ತಂದು ಮಲಗಿಸುತ್ತಿದ್ದಿರಿ" ಎಂದೆ. ಮರುದಿನವೇ ಬಳ್ಳಿ ಬಿಚ್ಚಿ ತಂದರು.

೪. ಬೇಲಿ

ಅದರ ಪ್ರಾಯಶ್ಚಿತ್ತಕ್ಕೆ ಗಿಡದ ಸುತ್ತ ಒಂದು ಬೇಲಿ ಕಟ್ಟಿಕೊಟ್ಟರು. ನಾಲ್ಕು ಮೂಲೆಗೆ ಹಾಲುವಾಣದ ಗೂಟ. ಕಾಫಿಗೆ ನೆರಳು ಕೊಡುವ ಈ ಮರದ ಕೊಂಬೆ ಮಳೆಗಾಲದಲ್ಲಿ ಎಲ್ಲಿ ಊರಿದರೂ ಚಿಗುರುತ್ತದೆ. ಇಲ್ಲೂ ಚಿಗುರಿತು. ಒಳಗಿನ ಸಂಪಿಗೆ ಮಾತ್ರ ಒಣಗುತ್ತ ಬಂತು. ಮಗಳು ದಿನಾ ಸಂಜೆ ಅದನ್ನು ಕಿತ್ತು, ಬೇರು ಬಂತೇ ಎಂದು ನೋಡಿ, ಮತ್ತೆ ನೆಡುತ್ತಿದ್ದಳೆಂದು ನಮಗೆ ಗೊತ್ತಾದದ್ದು ಆಮೇಲೆ. "ಅದು ಮಲಗಿದೆ ಅವ್ವಾ" ಎಂದಳು.

ಕೊಡಗು ಮೈಸೂರಿಗೆ ಸೇರಿದ ಮೇಲೆ ಬಂದ ಹೊಸ ಇನ್ಸ್‌ಪೆಕ್ಟರ್ ಸಾಹೇಬರು ಬಯಲುಸೀಮೆಯವರು. ಅವರು ಬಂದ ದಿನ ತಾಯಂದಿರೆಲ್ಲ ಶಾಲೆಯ ಜಗಲಿಯಲ್ಲಿ ನಿಂತಿದ್ದೆವು. ಮಗಳು ತನ್ನ ಕಡ್ಡಿಯ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ಸಾಹೇಬರು ಸೊಂಪಾಗಿ ಎಲೆ ಬಿಟ್ಟ ಗೂಟಗಳನ್ನು ನೋಡಿ ಕಣ್ಣರಳಿಸಿದರು.

"ಭೇಷ್! ಎಲ್ಲರೂ ಒಂದೊಂದು ಬೆಳೆಸಿದರೆ ಈ ಮಗು ನಾಲ್ಕು ಬೆಳೆಸಿದೆಯಲ್ಲ! ಆದರೆ ನಡುವೆ ಈ ಒಣಕಡ್ಡಿ ಯಾಕೆ?" ಎಂದವರೇ ಸಂಪಿಗೆಯನ್ನು ತಮ್ಮ ಕೈಯಾರೆ ಕಿತ್ತು ಬಿಸಾಡಿದರು.

ಮೇಷ್ಟ್ರು ಒಮ್ಮೆ ಕೆಮ್ಮಿ, ಹಾರವನ್ನು ಮಗಳ ಕೈಗೆ ಕೊಟ್ಟರು.

ಹಾರ ಹಾಕಿ ಬಂದವಳ ಮುಖದಲ್ಲಿ ನಗುವೂ ಇಲ್ಲ, ಅಳುವೂ ಇಲ್ಲ. ಮನೆಯ ದಾರಿಯಲ್ಲಿ ನನ್ನ ಸೆರಗು ಎಳೆದಳು.

"ಅವ್ವಾ, ಈಗ ಬೇಲಿಯೇ ಗಿಡ ಆಯ್ತಲ್ಲ. ಅದನ್ನು ದನ ತಿನ್ನದ ಹಾಗೆ ಅಪ್ಪ ಇನ್ನೊಂದು ಬೇಲಿ ಕಟ್ಟಬೇಕು. ಅದೂ ಚಿಗುರಿದರೆ ಎಂತ ಮಾಡುವುದು?"