ಟೀ ಗಿಡದ ಚಪ್ಪರ

ದೊರೆಸ್ವಾಮಿಯ ಹಳೇ ಪಂಚೆ ಬೆಳಗಿನ ಗಾಳಿಗೆ ಪರ್ರನೆ ಹರಿಯಿತು. ಸದ್ಯ, ಸೊಂಟದ ಮೇಲಿದ್ದದ್ದಲ್ಲ. ಸರಸ್ವತಿಪುರಂ ಮನೆಯ ಅಂಗಳದಲ್ಲಿ ಟೀ ಗಿಡಕ್ಕೆ ಹೊದಿಸಿದ್ದದ್ದು.

ಮಗಳು ಕಮಲಳನ್ನು ನೋಡಲು ಅಂದು ಸಂಜೆ ಕೂನೂರಿನಿಂದ ಗಂಡಿನವರು ಬರುವವರಿದ್ದರು. ಹುಡುಗನಿಗೆ ಟೀ ತೋಟದಲ್ಲಿ ಕೆಲಸ. ಮನೆಯವರು ಯಾರೂ ಕಾಫಿ ಮುಟ್ಟುವುದಿಲ್ಲವಂತೆ. ಆಗಲೇ ನಾಲ್ಕು ಸಂಬಂಧ ತಪ್ಪಿಹೋಗಿದ್ದವು. ಇದಾದರೂ ಕುದುರಲೆಂದು ದೊರೆಸ್ವಾಮಿ ಮನೆಯ ಗಿಡದ ಟೀಯನ್ನೇ ಕೊಡುವ ಹಟ ತೊಟ್ಟಿದ್ದ. ಚಿಗುರು ಕೊಯ್ಯುವ ಮುಂಚೆ ಇಪ್ಪತ್ತು ದಿನ ಗಿಡಕ್ಕೆ ನೆರಳು ಮಾಡಿದರೆ ಎಲೆಯ ಕಹಿ ಹೋಗುತ್ತದೆಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದ. ಅಂದು ಇಪ್ಪತ್ತನೆಯ ದಿನ. ಈಗ ಬಿಸಿಲು ಬಿದ್ದರೆ ಎಲ್ಲ ನೀರಿನಲ್ಲಿ ಹೋಮ! ನಾಲ್ಕು ಬಿದಿರು ನೆಟ್ಟು ತೆಂಗಿನ ಗರಿ ಹೊದಿಸಿಬಿಟ್ಟ.

ಎದುರುಮನೆಯ ಗಿರಿಜಾಂಬಾ ಓಡಿಬಂದರು.

"ಚಪ್ಪರ ಹಾಕ್ಬುಟ್ಟಿದೀರಿ! ಕಮಲನ ಮದುವೆ ಅಂತ ಒಂದು ಮಾತು ಹೇಳ್ಬಾರ್ದೇನ್ರೀ?"

"ಮದುವೆ ಅಲ್ಲ ಕಣಮ್ಮ, ಟೀ ಗಿಡಕ್ಕೆ ನೆರಳು."

"ತುಳಸಿಗೆ ಮದುವೆ ಮಾಡೋದು ಕಂಡಿದೀನಿ. ಟೀ ಗಿಡಕ್ಕೂ ಚಪ್ಪರವೇ? ನಿಮ್ಮ ಗುಟ್ಟು ನನ್ ಹತ್ರ ನಡಿಯಲ್ಲ!"

ಹೆಣ್ಣು ನೋಡಲು ಬರುತ್ತಿದ್ದಾರೆಂದು ಹೇಳುವಂತಿರಲಿಲ್ಲ. ದೃಷ್ಟಿ ತಾಗುತ್ತದೆಂದು ಹೆಂಡತಿ ಅಲಮೇಲು ಆಣೆ ಹಾಕಿಸಿದ್ದಳು. ದೊರೆಸ್ವಾಮಿ ಹಲ್ಲು ಕಿರಿದ. ಅಷ್ಟೇ ಸಾಕಾಯಿತು. ಮಧ್ಯಾಹ್ನದೊಳಗೆ ಮಾವಿನ ತೋರಣ ಬಂತು, ಬಾಳೆಕಂಬ ಬಂತು, ಹಪ್ಪಳ ಒತ್ತಲು ಬೀದಿಯ ಹೆಂಗಸರೂ ಬಂದರು. ಅಡುಗೆಯ ಹುಚ್ಚಯ್ಯ ಬಂದು, "ಎಷ್ಟು ಎಲೆ ಆಗ್ಬೋದು ಸ್ವಾಮಿ?" ಎಂದ.

"ಎರಡು ಹಿಡಿ ಆದ್ರೆ ಹೆಚ್ಚು," ಎಂದ ದೊರೆಸ್ವಾಮಿ, ಗಿಡವನ್ನೇ ನೋಡುತ್ತಾ.

ಅಲಮೇಲು ಅವನನ್ನು ಒಳಗೆಳೆದಳು. "ರೀ, ಗಂಡಿನವರು ಈ ಚಪ್ಪರ ನೋಡಿದ್ರೆ, ಹುಡುಗಿಗೆ ಬೇರೆ ಕಡೆ ಮದುವೆ ಗೊತ್ತಾಗಿದೆ ಅಂತ ಬಂದ ದಾರೀಲೇ ಹೋಗ್ಬುಡ್ತಾರೆ! ಮೊದ್ಲು ಕಿತ್ತಾಕಿ!"

ದೊರೆಸ್ವಾಮಿ ಚಿಗುರು ಕೊಯ್ದು ಹೆಂಡತಿಯ ಬಾಣಲೆಗೆ ಹಾಕಿ, ಗರಿ, ಬಿದಿರು, ಬಾಳೆಕಂಬ, ತೋರಣ ಎಲ್ಲವನ್ನೂ ಹಿತ್ತಲಿಗೆ ಎಸೆದ. "ಏನೂ ಇಲ್ಲ, ದಯವಿಟ್ಟು ಹೋಗಿಬನ್ನಿ," ಎಂದು ಎಲ್ಲರಿಗೂ ಕೈಮುಗಿದ. ಅವರು ಮುಖ ಮುಖ ನೋಡಿಕೊಂಡು ಹೋದರು.

ಐದಾಯಿತು, ಆರಾಯಿತು. ಜಟಕಾ ಸದ್ದಾದಾಗಲೆಲ್ಲ ದೊರೆಸ್ವಾಮಿ ಬಾಗಿಲಿಗೆ ಓಡಿದ. ಕಮಲ ರೇಷ್ಮೆ ಸೀರೆಯಲ್ಲಿ ಬೆವರುತ್ತಾ ಕೂತಳು. ಟೀ ಮೂರು ಸಲ ಬಿಸಿಯಾಗಿ ಕಷಾಯವಾಯಿತು.

ಏಳಕ್ಕೆ ಗಿರಿಜಾಂಬಾ ಚೊಂಬಿನಲ್ಲಿ ಕಾಫಿ ಹಿಡಿದು ಬಂದರು. ಅವರ ಕಣ್ಣು ತುಂಬಿತ್ತು.

"ಹಾಕಿದ ಚಪ್ಪರ ಕೀಳೋ ಗತಿ ಯಾವ ತಂದೆಗೂ ಬರ್ಬಾರ್ದು ಕಣ್ರೀ. ಎದೆಗುಂದ್ಬೇಡಿ. ಯಾರೋ ಕೂನೂರಿನವ್ರು ಬೀದಿ ತುದೀಲಿ ನಿಮ್ಮನೆ ಕೇಳ್ತಾ ನಿಂತಿದ್ರು. ಪಾಪ, ಮಗಳ ಮದುವೆ ಮುರಿದುಬಿದ್ದು ಸಂಕಟದಲ್ಲಿದ್ದಾರೆ, ಇವತ್ತು ತೊಂದ್ರೆ ಕೊಡ್ಬೇಡಿ ಅಂತ ನಾನೇ ವಾಪಸ್ ಕಳಿಸ್ಬುಟ್ಟೆ!"