ಮೊಸಳೆಯ ಹೆಂಡತಿಯ ಮೂರು ಮಾತು

"ಮೂವತ್ತು ವರ್ಷದಿಂದ ಲಕ್ಷಗಟ್ಟಲೆ ಕಾಗದಗಳಿಗೆ ದಾರಿ ತೋರಿಸಿದವನು ಕಣೇ ನಾನು! ಜುಜುಬಿ ಒಂಬತ್ತು ವೈರುಗಳಿಗೆ ದಾರಿ ತೋರಿಸೋಕೆ ನಿನ್ನ ತಮ್ಮ ಬರಬೇಕಾ?"

ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಅಂಗಿಯ ತೋಳು ಮೊಣಕೈವರೆಗೆ ಮಡಚಿ, ಟಪಾಲಪ್ಪನವರು ಹೀಗೆ ರಣಕಹಳೆ ಊದಿದರು. ಟಪಾಲಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಆಫೀಸಿನ ಟಪಾಲು ಶಾಖೆಯಲ್ಲಿ ಅವರು ಮಾಡಿದ ಘನಕಾರ್ಯಗಳಿಗೆ ಸಹೋದ್ಯೋಗಿಗಳು ಕೊಟ್ಟ ಬಿರುದು. ಅವರ ಶಾಖೆಗೆ ಎರಡು ಕಿಟಕಿ: ಒಂದು ಸ್ವೀಕೃತಿ, ಇನ್ನೊಂದು ರವಾನೆ. ಬರುವ ಕಾಗದ ಮೊದಲನೆಯದರಿಂದಲೇ ಬರಬೇಕು, ಹೋಗುವುದು ಎರಡನೆಯದರಿಂದಲೇ ಹೋಗಬೇಕು. ಒಮ್ಮೆ ದೊಡ್ಡ ಸಾಹೇಬರೇ ತಮ್ಮ ಮಗಳ ಮದುವೆಯ ಕರೆಯೋಲೆಯನ್ನು ತಪ್ಪಿ ರವಾನೆ ಕಿಟಕಿಯಲ್ಲಿ ಚಾಚಿದಾಗ, "ಪಕ್ಕದ ಕಿಟಕಿಗೆ ಬನ್ನಿ ಸಾರ್" ಎಂದು ಕೈಮುಗಿದು ಕಳಿಸಿದ ಮಹಾನುಭಾವರು! ಆ ಮದುವೆಯ ಊಟಕ್ಕೆ ಹೋದರೋ ಇಲ್ಲವೋ ಗೊತ್ತಿಲ್ಲ.

ಇಂಥವರ ಮನೆಗೆ ಹೋಮ್ ಥಿಯೇಟರು ಬಂದಿತ್ತು. ಒಂದು ತಾಯಿಪೆಟ್ಟಿಗೆ, ಐದು ಮರಿ ಸ್ಪೀಕರು, ಗುಡುಗಲೆಂದೇ ಹುಟ್ಟಿದ ಒಂದು ಡೊಳ್ಳುಹೊಟ್ಟೆಯ ಡಬ್ಬ. ಇವುಗಳ ಜೊತೆಗೆ ದೊಡ್ಡ ಮಗಳ ಗೇಮ್ ಪೆಟ್ಟಿಗೆ, ಚಿಕ್ಕ ಮಗಳ ಗೇಮ್ ಪೆಟ್ಟಿಗೆ, ಎಲ್ಲಕ್ಕೂ ಮೇಲೆ ಟೀವಿ. ಇಷ್ಟನ್ನೂ ಸಂಜೆ ಆರರೊಳಗೆ ಒಂದೇ ಸಂಸಾರ ಮಾಡಬೇಕಿತ್ತು.

ಆರೇ ಏಕೆ ಎಂದರೆ, ಅದು ಹೆಂಡತಿಯ ಗಳಿಗೆ. ಆಕೆ ಆಸ್ಪತ್ರೆಯೊಂದರ ಸ್ವಾಗತಮೇಜಿನಲ್ಲಿ ಕೂತು ಮೈಕಿನಲ್ಲಿ ಟೋಕನ್ ಕೂಗುವವರು. "ನಲವತ್ತೆರಡು, ಎಕ್ಸ್‌ರೇ ಕೋಣೆಗೆ ಬನ್ನಿ" ಎಂದರೆ ನಲವತ್ಮೂರನೆಯವನೂ ಎದ್ದು ನಿಲ್ಲಬೇಕು, ಅಂಥ ಕಂಠ! ಒಂದು ದಿನ ಹಲ್ಲುನೋವೆಂದು ಬಂದಿದ್ದ ಡಬ್ಬಿಂಗ್ ಸ್ಟುಡಿಯೋದವನೊಬ್ಬ ಆ ಕಂಠ ಕೇಳಿ ದವಡೆ ಹಿಡಿದುಕೊಂಡೇ ಓಡಿಬಂದ. "ಅಮ್ಮಾ, ನಮ್ಮ ಕಾರ್ಟೂನಲ್ಲಿ ಒಂದು ಮೊಸಳೆ ಇದೆ, ಅದರ ಹೆಂಡತಿಗೆ ಮೂರು ಮಾತಿದೆ, ಹೇಳ್ತೀರಾ?" ಎಂದ. ಆಕೆ ಹೇಳಿಬಂದರು. ಅದು ಇವತ್ತು ಆರು ಗಂಟೆಗೆ ಪ್ರಸಾರವಾಗುವುದಿತ್ತು. ಆಕೆಯ ಮುಖ ಎಲ್ಲೂ ಕಾಣುವುದಿಲ್ಲ, ಹೆಸರೂ ಬರುವುದಿಲ್ಲ. ಇದ್ದದ್ದೆಲ್ಲ ದನಿ ಒಂದೇ. ಆ ಮೂರು ಮಾತನ್ನು ಮನೆಮಂದಿಯ ಜೊತೆ ಕೂತು ಕೇಳಬೇಕೆಂಬ ಆಸೆ ಆಕೆಗೆ ಎಷ್ಟಿತ್ತೆಂದರೆ, ಬೆಳಿಗ್ಗೆಯಿಂದ ಎರಡು ಸಲ ಸೋಫಾದ ಕವರು ಬದಲಾಯಿಸಿದ್ದರು.

"ರೀ, ಅವನಿಗೆ ಐದು ನಿಮಿಷದ ಕೆಲಸ. ಟೀವಿ ರಿಪೇರಿ ಅಂಗಡಿ ಇಟ್ಕೊಂಡಿರೋನು. ಕರೀಲಾ?"

"ಬೇಡ ಅಂದ್ನಲ್ಲ! ನಿನ್ನ ದನಿ ಲೋಕಕ್ಕೆ ಕೇಳೋ ದಿನ, ವೈರು ನಾನೇ ಹಾಕಬೇಕು."

ಇದು ಪ್ರೀತಿಯಿಂದ ಬಂದ ಮಾತೇ. ಆದರೆ ಪ್ರೀತಿಗೆ ವೈರು ಹಾಕಲು ಬರುವುದಿಲ್ಲ.

ಟಪಾಲಪ್ಪನವರು ಮೊದಲು ಚೀಟಿ ಕತ್ತರಿಸಿದರು. ಪ್ರತಿ ವೈರಿನ ಒಂದು ತುದಿಗೆ 'ಸ್ವೀಕೃತಿ', ಇನ್ನೊಂದು ತುದಿಗೆ 'ರವಾನೆ' ಎಂದು ಬರೆದು, ಕ್ರಮಸಂಖ್ಯೆ ಹಾಕಿ ಅಂಟಿಸಿದರು. ಇಷ್ಟಕ್ಕೇ ಮೂರೂವರೆ ಆಯಿತು. ಆಮೇಲೆ ಸ್ಪೀಕರುಗಳನ್ನೂ ಗೇಮ್ ಪೆಟ್ಟಿಗೆಗಳನ್ನೂ ತಾಯಿಪೆಟ್ಟಿಗೆಗೆ ಸೇರಿಸಿದರು. ಅಲ್ಲಿಂದ ಟೀವಿಗೆ ಒಂದು ವೈರು ಎಳೆಯುವುದಷ್ಟೇ ಉಳಿಯಿತು. ತೊಡಕು ಶುರುವಾದದ್ದೇ ಅಲ್ಲಿ.

ಟೀವಿಯ ಬೆನ್ನಿಗೆ ಮೂರು ಕಿಂಡಿಗಳಿದ್ದವು. ಮೂರರ ಮೇಲೂ 'ಒಳಕ್ಕೆ' ಎಂಬ ಗುರುತು. ಕೈಪಿಡಿ ಮಾತ್ರ ಹೀಗೆ ಹೇಳುತ್ತಿತ್ತು: ಹೋಮ್ ಥಿಯೇಟರಿನ ವೈರನ್ನು ಮಧ್ಯದ ಕಿಂಡಿಗೇ ಹಾಕಿ. ಚಿತ್ರ ಅದರಿಂದಲೇ ಒಳಗೆ ಬರುತ್ತದೆ, ಟೀವಿಯ ಧ್ವನಿ ಅದರಿಂದಲೇ ಹೊರಗೆ ಹೋಗುತ್ತದೆ.

ಟಪಾಲಪ್ಪನವರು ಕನ್ನಡಕ ಒರೆಸಿ ಮತ್ತೆ ಓದಿದರು. ರಕ್ತ ಕುದಿಯಿತು.

"ಸ್ವೀಕೃತಿ ಕಿಟಕಿಯಿಂದ ರವಾನೆಯೇ?! ಯಾವ ಅವಿವೇಕಿ ಬರೆದದ್ದು ಇದನ್ನ?"

"ಅಪ್ಪಾ, ಅದು ಹಾಗೇ ಇರೋದು," ಎಂದಳು ಚಿಕ್ಕ ಮಗಳು. "ಒಂದೇ ವೈರಲ್ಲಿ ಹೋಗೋದು, ಬರೋದು ಎರಡೂ ಆಗತ್ತೆ. ಮಧ್ಯದ್ದಕ್ಕೇ ಹಾಕು."

"ಇವತ್ತು ವೈರಿಗೆ ಬಿಟ್ಟರೆ ನಾಳೆ ಕಾಗದಗಳೂ ಕೇಳ್ತವೆ! ಒಳಗೆ ಬರೋ ಬಾಗಿಲಲ್ಲಿ ಯಾವುದೂ ಹೊರಗೆ ಹೋಗಕೂಡದು. ಮೂವತ್ತು ವರ್ಷದಲ್ಲಿ ಒಂದು ಲಕೋಟೆಗೂ ನಾನು ಬಿಟ್ಟಿಲ್ಲ."

ಕೆಂಪು ಪೆನ್ಸಿಲು ತೆಗೆದು ಕೈಪಿಡಿಯ ಅಂಚಿನಲ್ಲಿ 'ತಪ್ಪು. ಸ್ಪಷ್ಟೀಕರಣ ಕೋರಲಾಗಿದೆ' ಎಂದು ಬರೆದು ಸಹಿ ಹಾಕಿದರು, ದಿನಾಂಕವನ್ನೂ ನಮೂದಿಸಿದರು. ವೈರನ್ನು ಮೊದಲನೆಯ ಕಿಂಡಿಗೆ ಒತ್ತಿದರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವರಿಗೆ ನಾಲ್ಕನೆಯ ಕಾಲು ತೋರಿಸುವವರು ಯಾರು? ಸಾಲದೆಂಬಂತೆ, "ಒಂದು ಒರೇಲಿ ಎರಡು ಕತ್ತಿ ಯಾಕೆ?" ಎನ್ನುತ್ತಾ ರಿಮೋಟು ಹಿಡಿದು, ಹದಿನೇಳು ಗುಂಡಿ ಒತ್ತಿ, ಟೀವಿಯ ಸ್ವಂತ ಸ್ಪೀಕರನ್ನು ಎಲ್ಲೋ ಪಾತಾಳದ ಪಟ್ಟಿಯೊಂದರಲ್ಲಿ ಬಂದ್ ಮಾಡಿಬಿಟ್ಟರು.

ದೊಡ್ಡ ಮಗಳ ಪೆಟ್ಟಿಗೆ ಚಾಲೂ ಮಾಡಿದಾಗ, ಅಬ್ಬಬ್ಬಾ! ಫುಟ್‌ಬಾಲ್ ಮೈದಾನವೇ ಮನೆಯೊಳಗೆ ನುಗ್ಗಿತು. ಎಡಗಡೆ ಜನ ಅರಚಿದರು, ಬಲಗಡೆ ಸೀಟಿ ಊದಿತು, ಡೊಳ್ಳುಹೊಟ್ಟೆಯ ಡಬ್ಬ ಗುಡುಗಿದ್ದಕ್ಕೆ ಅಡುಗೆಮನೆಯ ಲೋಟಗಳು ತಾಳ ಹಾಕಿದವು.

"ನೋಡಿದ್ಯಾ?" ಎಂದರು ಟಪಾಲಪ್ಪನವರು.

"ಕೇಳಿದೆ," ಎಂದರು ಹೆಂಡತಿ, ಕಿವಿ ಮುಚ್ಚಿಕೊಂಡು. ಆದರೆ ಮುಖದಲ್ಲಿ ನಗು ಇತ್ತು. ಇಷ್ಟು ದೊಡ್ಡ ಸದ್ದಿನಲ್ಲಿ ತನ್ನ ದನಿ ಬಂದರೆ ಹೇಗಿರಬಹುದು ಎಂದು ಆಕೆ ಲೆಕ್ಕ ಹಾಕುತ್ತಿದ್ದರು.

ಟೀವಿಯ ಚಾನೆಲ್ಲು ಮಾತ್ರ ಗೋಡೆಯ ಕೇಬಲ್ಲಿನಿಂದ ನೇರ ಟೀವಿಗೇ ಬರುತ್ತದೆ; ಅದರ ಸದ್ದು ಸ್ಪೀಕರುಗಳಿಗೆ ಹೋಗಲು ಆ ಮಧ್ಯದ ಕಿಂಡಿಯೇ ಬೇಕು. ಅದನ್ನು ಯಾರೂ ಹಚ್ಚಿ ನೋಡಲಿಲ್ಲ.

ಆರಕ್ಕೆ ಐದು ನಿಮಿಷವಿದೆ ಎನ್ನುವಾಗ ಎಲ್ಲರೂ ಕೂತರು. ಟಪಾಲಪ್ಪನವರ ತಾಯಿ ಹೆಣೆಯುತ್ತಿದ್ದ ಸ್ವೆಟರಿನ ಸಮೇತ ಕುರ್ಚಿಗೆ ಬಂದರು. ಹೆಂಡತಿ ಆಸ್ಪತ್ರೆಗೆ ಉಡುವ ಒಳ್ಳೆಯ ಸೀರೆಯಲ್ಲೇ ಇದ್ದರು. ಚಾನೆಲ್ ಹಚ್ಚಿದರು. ನದಿ ಬಂತು, ಆಮೆ ಬಂತು, ಕೊಕ್ಕರೆ ಬಂತು. ಸದ್ದು ಬರಲಿಲ್ಲ.

"ಏನೋ ಇದು, ಮೂಕಿ ಚಿತ್ರವೇ?" ಎಂದರು ತಾಯಿ.

"ಒಂದು ನಿಮಿಷ ಅಮ್ಮಾ!"

ಆ ಒಂದು ನಿಮಿಷ ಹದಿನೈದು ನಿಮಿಷವಾಯಿತು. ಟಪಾಲಪ್ಪನವರು ಮೂರು ರಿಮೋಟುಗಳನ್ನು ಮೂರು ದಿಕ್ಕಿಗೆ ಹಿಡಿದು ಯುದ್ಧ ಮಾಡಿದರು. ಟೀವಿಯ ಸ್ವಂತ ಸ್ಪೀಕರಾದರೂ ಬರಲಿ ಎಂದರೆ ಆ ಪಾತಾಳದ ಪಟ್ಟಿ ಸಿಗುತ್ತಿಲ್ಲ. ಮೊಬೈಲು ಬಡಿದುಕೊಂಡಿತು. ಭಾವಮೈದುನ!

"ಭಾವಾ, ಅಕ್ಕನ ಮೊಸಳೆ ಬಂತಾ? ಸೌಂಡ್ ಹೆಂಗಿದೆ?"

"ಬೊಂಬಾಟ್!" ಎಂದು ಕಟ್ ಮಾಡಿದರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಬಾರದು ನೋಡಿ.

ಹೆಂಡತಿ ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಪರದೆ ನೋಡುತ್ತಿದ್ದರು. ಅದನ್ನು ಕಂಡು ಟಪಾಲಪ್ಪನವರಿಗೆ, ಆಕೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅನಿಸಿತು. ಕಣ್ಣುಮುಚ್ಚಿ ತಾಯಿಪೆಟ್ಟಿಗೆಯ ಕೈಗೆ ಸಿಕ್ಕ ಗುಂಡಿಯನ್ನು ಒತ್ತಿದರು.

ಸದ್ದು ಬಂತು!

ಆದರೆ ಅದು ಟೀವಿಯ ಸದ್ದಲ್ಲ. ಆರಿಸದೆ ಬಿಟ್ಟಿದ್ದ ದೊಡ್ಡ ಮಗಳ ಪೆಟ್ಟಿಗೆಯದು. ಪರದೆಯ ಮೇಲೆ ಆಗತಾನೇ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡ ಗಂಡು ಮೊಸಳೆ ಒದ್ದಾಡುತ್ತಿತ್ತು. ರೆಪ್ಪೆಗೆ ಕಪ್ಪು ಬಳಿದುಕೊಂಡ ಹೆಣ್ಣು ಮೊಸಳೆ ತೇಲಿ ಬಂತು. "ನಾನೇ, ನಾನೇ!" ಎಂದು ಹೆಂಡತಿ ಎದ್ದು ನಿಂತರು. ಹೆಣ್ಣು ಮೊಸಳೆ ನಾಚುತ್ತಾ ಬಾಯಿ ತೆರೆಯಿತು. ಐದು ಸ್ಪೀಕರುಗಳಿಂದ ಗಂಡು ದನಿಯೊಂದು ಮನೆ ಹಾರಿಹೋಗುವಂತೆ ಕೂಗಿತು:

"ಗೋ...ಓ...ಲ್!"

ದೊಡ್ಡ ಮಗಳು ಹಾರಿ ಹೋಗಿ ಸ್ವಿಚ್ಚು ಆರಿಸಿದಳು. ಮೊಸಳೆಯಮ್ಮ ಪಾಪ, ದನಿಯಿಲ್ಲದೆ ಬಾಯಿ ಆಡಿಸುತ್ತಲೇ ಇತ್ತು.

ಹೆಂಡತಿ ಟೀವಿಯ ಪಕ್ಕಕ್ಕೆ ನಡೆದು, ಸೆರಗು ಸರಿಮಾಡಿಕೊಂಡು, ಆಸ್ಪತ್ರೆಯ ಮೂರು ಮಹಡಿಗೂ ಕೇಳುವ ಕಂಠದಲ್ಲಿ ಮೊಸಳೆಯ ಮೂರು ಮಾತನ್ನು ತಾವೇ ಶುರುಮಾಡಿದರು.

"ತೂರಬೇಡಿ ಅಂದೆ, ತೂರಿದಿರಿ! ಯಾರನ್ನಾದ್ರೂ ಕರೀಲಾ ಅಂದೆ, ಬೇಡ ಅಂದಿರಿ! ಈಗ ಹಲ್ಲು ಕಿರಿಯೋದು ಬಿಟ್ಟು ಹೊಟ್ಟೆ ಒಳಗೆ ಎಳ್ಕೊಳ್ಳಿ!"

ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಮಾತು ನಿಲ್ಲಲಿಲ್ಲ.

"ನನ್ನ ತಮ್ಮನಿಗೆ ಐದು ನಿಮಿಷದ ಕೆಲಸ ಅಂತ ಬಾಯಿಬಿಟ್ಟು ಹೇಳಿದೆ! ಮಗು ಹೇಳಿತು, ಅದರ ಮಾತೂ ಕೇಳಲಿಲ್ಲ! ಅಚ್ಚು ಹಾಕಿಸಿದ ಪುಸ್ತಕಕ್ಕೇ ಕೆಂಪು ಗೀಟು ಹಾಕೋ ಗಂಡಸು ಎಲ್ಲಾದ್ರೂ ಉಂಟಾ? ಬೆಳಿಗ್ಗೆಯಿಂದ ಕಾದಿದ್ದೆ! ಮೂರೇ ಮೂರು ಮಾತು, ಅದನ್ನೂ ನುಂಗಿಬಿಟ್ಟಿರಲ್ಲ!"

ಅಷ್ಟರಲ್ಲಿ ಮೊಸಳೆ ಹೋಗಿ ಸೋಪಿನ ಜಾಹೀರಾತು ಬಂದಿತ್ತು. ಆಕೆ ಇನ್ನೂ ನಾಲ್ಕು ಮಾತು ಸೇರಿಸಿ, ಉಸಿರು ಬಿಟ್ಟು, ಸೋಫಾದಲ್ಲಿ ಕೂತರು. ಮುಖ ಕೆಂಪಾಗಿತ್ತು, ಆದರೆ ಹಗುರಾಗಿತ್ತು.

ಚಿಕ್ಕ ಮಗಳು ಮೆಲ್ಲಗೆ ಕೇಳಿದಳು. "ಅಪ್ಪಾ, ಆ ವೈರು ಮಧ್ಯದ ಕಿಂಡಿಗೆ ಹಾಕ್ಲಾ?"

"ಹಾಕು," ಎಂದರು ಟಪಾಲಪ್ಪನವರು.

ಅಜ್ಜಿ ಹೆಣಿಗೆಯ ಕಡ್ಡಿ ಕೆಳಗಿಟ್ಟರು. "ಮೊಸಳೆಗೆ ಎಷ್ಟು ಮಾತು ಅಂದಿದ್ದೆ ಸೊಸೆ?"

"ಮೂರು, ಅತ್ತೆ."

"ಹನ್ನೆರಡು ಎಣಿಸಿದೆ ನಾನು."

"ಅದು... ಸ್ವಲ್ಪ ಜಾಸ್ತಿ ಆಯ್ತು, ಅತ್ತೆ."

"ಇರಲಿ ಬಿಡು, ಸರಿಯಾಗಿ ನಾಟಿದೆ. ಗಂಡು ಮೊಸಳೆ ಮುಖ ನೋಡು, ಹೇಗೆ ಬಾಯಿ ಬಿಟ್ಕೊಂಡು ಕೂತಿದೆ!"

ಪರದೆಯ ಮೇಲೆ ಇನ್ನೂ ಸೋಪೇ ನೊರೆಯಾಡುತ್ತಿತ್ತು. ಟಪಾಲಪ್ಪನವರು ಬಾಯಿ ಮುಚ್ಚಿಕೊಂಡರು.